ತೊಗಲಿಲ್ಲದ ರೋಲರ್

ಹಡಗಿನಲ್ಲಿ ಬರುತ್ತಿದ್ದ ತೊಗಲು ನಿಂತುಹೋಯಿತು ಎಂಬ ಸುದ್ದಿಯನ್ನು ನನಗೆ ಮುಟ್ಟಿಸಿದವರು ತಿರುಪ್ಪೂರಿನ ಒಬ್ಬ ಗೌಡರು. ಐವತ್ತರ ದಶಕದ ನಡುವಿನ ಮಾತು. ಆಗ ನಾನು ಕೊಯಮತ್ತೂರಿನ ಉತ್ತರಕ್ಕೆ, ತುಡಿಯಲೂರಿನ ಒಂದು ಎರಕದ ಕಾರ್ಖಾನೆಯಲ್ಲಿದ್ದೆ. ಬಾವಿ ಪಂಪುಗಳ ನಕ್ಷೆ ಬರೆಯುವುದು, ಬರೆದದ್ದನ್ನು ಲೇತಿನ ಪಕ್ಕ ನಿಂತು ಮಾಡಿಸುವುದು ನನ್ನ ಕೆಲಸ. ಗೌಡರು ತಮ್ಮ ತೋಟದ ಪಂಪಿನ ಒಡೆದ ಭಾಗವೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದಿದ್ದರು. ಮಾತು ತಮಿಳಿನಲ್ಲಿ ಶುರುವಾಯಿತು. ಎರಕದ ಬಿರುಕನ್ನು ನೋಡುತ್ತ ನಾನು ಮನೆಮಾತಾದ ಕನ್ನಡದಲ್ಲಿ ಏನೋ ಗೊಣಗಿಕೊಂಡೆ. ಅವರ ಮುಖ ಅರಳಿತು.

“ತಂಬಿ ನಮ್ಮ ಮಾತಾಡ್ತದೆ. ಹಂಗಾದ್ರೆ ನಾನ್ಯಾಕೆ ಇಷ್ಟೊತ್ತು ವದ್ದಾಡ್ದೆ?”

ಅಲ್ಲಿಂದ ಮುಂದೆ ಪಂಪಿನ ವಿಷಯ ಹಿಂದೆ ಬಿತ್ತು. ತಿರುಪ್ಪೂರಿನಲ್ಲಿ ತಮ್ಮದೊಂದು ಜಿನ್ನಿಂಗ್ ಕಾರ್ಖಾನೆ ಇದೆ ಎಂದರು. ಆಮೇಲೆ ಸಾಲ ಕೇಳುವವರ ಹಾಗೆ ದನಿ ಇಳಿಸಿ ಕೇಳಿದರು: “ಜಿನ್ನಿಗೆ ತೋಲಿಲ್ದಿರೋ ರೋಲರ್ ಮಾಡ್ಕೊಡಕ್ಕೆ ಆಗತ್ತಾ ತಂಬಿ?”

“ಆಗುತ್ತೆ” ಅಂದೆ. ಅದುವರೆಗೆ ನಾನು ಒಂದು ಜಿನ್ನನ್ನೂ ಬಿಚ್ಚಿ ನೋಡಿರಲಿಲ್ಲ. ಆ ವಯಸ್ಸಿನಲ್ಲಿ ಆಗುವುದಿಲ್ಲ ಎಂಬ ಮಾತು ನನ್ನ ನಾಲಿಗೆಗೆ ಬರುತ್ತಲೇ ಇರಲಿಲ್ಲ.

ಜಿನ್ ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ. ನಮ್ಮ ಅಜ್ಜಿಯರ ಕಾಲದಲ್ಲಿ ಈ ಕೆಲಸಕ್ಕೆ ಕೈಯಿಂದ ತಿರುಗಿಸುವ ಪುಟ್ಟ ರಾಟೆ ಇತ್ತು. ಮರದ ದಿಂಡೊಂದು, ಕಬ್ಬಿಣದ ಸರಳೊಂದು. ಎರಡರ ನಡುವೆ ಅರಳೆ ಆಚೆ ನುಸುಳುತ್ತಿತ್ತು, ಬೀಜ ಈಚೆ ಉಳಿಯುತ್ತಿತ್ತು. ಆಮೇಲೆ ಅಮೆರಿಕದಲ್ಲಿ ಗರಗಸದ ಹಲ್ಲಿನಿಂದ ಅರಳೆಯನ್ನು ಕಿತ್ತೆಳೆಯುವ ಯಂತ್ರ ಬಂತು. ಅದು ಬಹಳ ಚುರುಕು, ಆದರೆ ಉದ್ದ ಎಳೆಯನ್ನು ಹರಿದುಹಾಕುತ್ತದೆ. ಇನ್ನಷ್ಟು ವರ್ಷಗಳ ಮೇಲೆ ಅದೇ ದೇಶದ ಮತ್ತೊಬ್ಬನಿಗೆ ರೋಲರಿಗೆ ತೊಗಲು ಸುತ್ತುವ ಉಪಾಯ ಹೊಳೆಯಿತು. ನಮ್ಮ ಸೀಮೆಯ ಜಿನ್ನುಗಳೆಲ್ಲ ಆ ಜಾತಿಯವು. ತಿರುಗುವ ರೋಲರಿನ ಒರಟು ತೊಗಲಿಗೆ ಎಳೆ ಅಂಟಿಕೊಂಡು, ಅದಕ್ಕೆ ಒತ್ತಿ ನಿಂತ ಉಕ್ಕಿನ ಅಲುಗಿನ ಕೆಳಗೆ ಹಾದುಹೋಗುತ್ತದೆ. ಬೀಜ ಹಾದುಹೋಗಲಾರದು. ಅಲುಗಿನ ಬಾಯಲ್ಲಿ ಸಿಕ್ಕಿ ನಿಂತ ಬೀಜವನ್ನು ಇನ್ನೊಂದು ಅಲುಗು ಮೇಲೆ ಕೆಳಗೆ ಆಡುತ್ತ ಬಡಿದು ಉದುರಿಸುತ್ತದೆ. ಕಬ್ಬಿಣದ ಭಾಗಗಳನ್ನೆಲ್ಲ ಯಾವ ಎರಕದವನಾದರೂ ಮಾಡಿಕೊಡಬಲ್ಲ. ಅರಳೆಯನ್ನು ಹಿಡಿಯುವುದೂ ಹಿಡಿದು ಬಿಡುವುದೂ ತೊಗಲಿನ ಕೆಲಸ, ಅದಕ್ಕೆ ಬದಲಿ ಸಿಕ್ಕಿರಲಿಲ್ಲ.

ಉತ್ತರದ ಹಿಮದ ಕಡಲಿನಲ್ಲಿರುವ ವಾಲ್ರಸ್ ಎಂಬ ದೈತ್ಯ ಪ್ರಾಣಿಯ ತೊಗಲೇ ಇದಕ್ಕೆ ಶ್ರೇಷ್ಠ ಎಂದು ಎಲ್ಲರೂ ಅದನ್ನೇ ತರಿಸುತ್ತಿದ್ದರು. ಅದೀಗ ಸಿಗದಂತಾಗಿತ್ತು. ತಿರುಪ್ಪೂರಿನ ಉಳಿದ ಮಾಲೀಕರು ಹೆಚ್ಚು ತಲೆಕೆಡಿಸಿಕೊಳ್ಳದೆ ಇಲ್ಲಿನ ಹದಗಾರರಿಂದ ದನದ, ಎಮ್ಮೆಯ ತೊಗಲು ಕೊಂಡು ಸುತ್ತಿಸಿದರು. ಗೌಡರಿಗೆ ಮಾತ್ರ ಅದು ಸಾಧ್ಯವಿರಲಿಲ್ಲ. ಅವರು ದೇವರ ಹೋರಿಯ ಹಗ್ಗ ಹಿಡಿದವರು.

ಮಡತ್ತುಕುಳಂ ಸುತ್ತಿನ ಕನ್ನಡ ಮಾತಾಡುವ ಒಂದಷ್ಟು ಒಕ್ಕಲು ಮನೆಗಳಿಗೆ ಸೇರಿದ ಹೋರಿ ಅದು. ನೊಗ ಹೂಡುವಂತಿಲ್ಲ, ಬರೆ ಹಾಕುವಂತಿಲ್ಲ, ಮೂಗುದಾರ ಇಲ್ಲ. ಸತ್ತರೆ ಅರಿಸಿನದ ಬಟ್ಟೆ ಹೊದಿಸಿ ಹೂಳುತ್ತಾರೆ. ಅದನ್ನು ಸಾಕುವ ಹಕ್ಕು ಒಂದು ಮನೆಯದು. ಆ ಮನೆಯಲ್ಲಿ ಹಗ್ಗ ಹಿಡಿದವನು ಕೊಂಬಿರುವ ಯಾವ ಪ್ರಾಣಿಯ ತೊಗಲನ್ನೂ ಮುಟ್ಟಬಾರದು, ಇಟ್ಟುಕೊಳ್ಳಬಾರದು, ಅದರಿಂದ ಬದುಕಬಾರದು. ಗೌಡರ ತಂದೆಯಿಂದ ಅಣ್ಣನಿಗೆ, ಅಣ್ಣ ತೀರಿಕೊಂಡ ಮೇಲೆ ಇವರಿಗೆ ಹಗ್ಗ ಬಂದಿತ್ತು. ಜಿನ್ನುಗಳನ್ನು ಕೊಳ್ಳುವಾಗ ಹಿರಿಯರೆಲ್ಲ ಕೂತು ವಾಲ್ರಸ್ಸಿನ ವಿಚಾರಣೆ ಮಾಡಿದ್ದರಂತೆ. ಅದಕ್ಕೆ ಕೊಂಬಿದೆಯೇ ಎಂದು ಒಬ್ಬರು ಕೇಳಿದರು. ಕೊಂಬಿಲ್ಲ, ಕೋರೆಹಲ್ಲಿದೆ ಎಂದು ಯಂತ್ರ ಮಾರುವವನು ಹೇಳಿದ. ನೀರಲ್ಲಿರುತ್ತದೆ ಅಂದ ಮೇಲೆ ಮೀನಿನ ಜಾತಿಯೇ ಎಂದು ತೀರ್ಪಾಯಿತು. ಆ ಪ್ರಾಣಿಯನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ, ನಾನೂ ಕಂಡವನಲ್ಲ. ತೀರ್ಪು ಮಾತ್ರ ಗಟ್ಟಿಯಾಗಿ ನಿಂತಿತ್ತು.

ಮೊದಲ ಸಲ ಅಳತೆ ತೆಗೆಯಲು ಹೋದಾಗ ಗೌಡರ ಮನೆಯಲ್ಲೇ ಊಟವಾಯಿತು. ಪಲ್ಲಡಂ ದಾರಿಯ ತೋಟದ ಮನೆ. ಮಕ್ಕಳಿರಲಿಲ್ಲ. ಕೊಟ್ಟಿಗೆಯಲ್ಲಿ ಕಾಂಗೇಯಂ ತಳಿಯ ಬೂದು ಹೋರಿ ನಿಂತಿತ್ತು. ಹಗ್ಗ ಗೌಡರದಾದರೂ ಹೋರಿಯ ಹೊಟ್ಟೆ ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ. ನೆನೆಸಿ ರುಬ್ಬಿದ ಹತ್ತಿಬೀಜವನ್ನು ಆಕೆ ಅಂಗೈಯಲ್ಲಿ ಹಿಡಿದರೆ ಅಷ್ಟು ದೊಡ್ಡ ಪ್ರಾಣಿ ನಾಜೂಕಾಗಿ ನೆಕ್ಕುತ್ತಿತ್ತು.

ನಾನು ಪಟ್ಟಣದವನ ಬುದ್ಧಿ ತೋರಿಸಿದೆ. “ಕಾರ್ಖಾನೇನ ಭಾವಮೈದುನರ ಹೆಸರಿಗೆ ಬರೆದುಬಿಡಿ ಗೌಡ್ರೆ. ತೊಗಲು ಅವರದ್ದು, ಹಗ್ಗ ನಿಮ್ಮದು.”

“ಆ ಯೋಚ್ನೆ ಬೇರೆಯವ್ರೂ ಹೇಳಿದ್ರು” ಎಂದರು ಗೌಡರು. “ಹೋರಿಗೆ ಕಾಗದ ಓದಕ್ಕೆ ಬರಲ್ಲ ತಂಬಿ.”

ಹಾಗಾದರೆ ಒಂದು ವರ್ಷ ಮುಚ್ಚಿಬಿಡಬಹುದಲ್ಲ ಎಂದೆ. ಅದೂ ಆಗುವಂತಿರಲಿಲ್ಲ. ಕೃಷಿ ಇಲಾಖೆಯವರು ಆಗ ಉದ್ದ ಎಳೆಯ ಹೊಸ ಹತ್ತಿಯನ್ನು ಬಿತ್ತಿಸುತ್ತಿದ್ದರು. ಮಡತ್ತುಕುಳಂ ಕಡೆಯ ತಮ್ಮವರು ಹಿಂದೆಮುಂದೆ ನೋಡಿದಾಗ, ನೀವು ಬಿತ್ತಿ, ಬಿಡಿಸಿಕೊಡುವುದು ನನ್ನ ಜವಾಬ್ದಾರಿ ಎಂದು ಗೌಡರು ಮಾತು ಕೊಟ್ಟಿದ್ದರು. ಹೊಲಗಳಲ್ಲಿ ಕಾಯಿ ಬಲಿಯುತ್ತಿತ್ತು. ಬೇರೆ ಕಾರ್ಖಾನೆಗಳಲ್ಲಿ ಅವರವರ ಹತ್ತಿಗೇ ಜಾಗವಿರಲಿಲ್ಲ.

ಕೈತೊಳೆಯಲು ಹಿತ್ತಿಲಿಗೆ ಹೋದಾಗ ಗೌಡರ ಹೆಂಡತಿ ನೀರು ಹಾಕುತ್ತ ಮೆಲ್ಲಗೆ ಹೇಳಿದರು: “ಜಿನ್ ಹೋದ್ರೆ ಇವ್ರಿಗೆ ಇನ್ನೊಂದು ವೇಲೆ, ಏನೋ ಒಂದು ಕೆಲ್ಸ, ಸಿಕ್ಕತ್ತೆ ತಂಬಿ. ಹಗ್ಗ ಹೋದ್ರೆ ತಾನ್ಯಾರು ಅಂತ ಇವ್ರಿಗೇ ತಿಳಿಯಲ್ಲ. ನೀನು ಆಗತ್ತೆ ಅಂದ್ಯಂತೆ. ಅದೇ ನಂಬಿಕೊಂಡವ್ರೆ.”

ಆ ಸಂಜೆ ನಾನು ಅಳತೆಗಳನ್ನೆಲ್ಲ ಇನ್ನೊಮ್ಮೆ ತೆಗೆದೆ.

ಒಂದು ಹಳೆಯ ಜಿನ್ನನ್ನು ತುಡಿಯಲೂರಿಗೆ ಸಾಗಿಸಿ, ಕಾರ್ಖಾನೆಯ ಹಿಂದಿನ ತಗಡಿನ ಮನೆಯಲ್ಲಿ ನಿಲ್ಲಿಸಿಕೊಂಡೆ. ನಮ್ಮ ಮುದಲಾಳಿ, ಅಂದರೆ ಕಾರ್ಖಾನೆಯ ಯಜಮಾನರು, ಪಂಪಿನ ಕೆಲಸ ನಿಲ್ಲದಿದ್ದರೆ ಸಾಕು ಎಂದು ಒಪ್ಪಿದರು. ಮೊದಲು ರೋಲರಿನ ಮರದ ತಿರುಳಿಗೆ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿ ನೋಡಿದೆ. ಹಿಡಿತ ಚೆನ್ನಾಗಿತ್ತು. ಆದರೆ ನಾರು ಮುರಿದು ಅರಳೆಯೊಳಗೆ ಕಂದು ಕೂದಲಿನಂತೆ ಸೇರಿಕೊಂಡಿತು. ಅದನ್ನು ಕಿತ್ತುಹಾಕಿ ಹುರಿಗೊಳಿಸಿದ ನೂಲಿನ ಹಗ್ಗ ಸುತ್ತಿದೆ. ಹತ್ತಿಯನ್ನು ಹತ್ತಿಯೇ ಹಿಡಿಯಲಿ ಎಂಬ ನನ್ನ ಲೆಕ್ಕಾಚಾರ ನನಗೇ ಬಹಳ ಚೆನ್ನಾಗಿ ಕಂಡಿತ್ತು. ಸ್ವಲ್ಪ ಹೊತ್ತು ಓಡಿದ ಮೇಲೆ ಅಲುಗಿನ ಒತ್ತಡಕ್ಕೆ ಹಗ್ಗದ ಮೈ ನುಣುಪಾಗಿ ಹೊಳೆಯತೊಡಗಿತು. ಅರಳೆ ಜಾರಿ ಅಲ್ಲೇ ಕುಣಿಯಿತು, ಒಳಗೆ ಹೋಗಲಿಲ್ಲ.

ದಾರಿ ತೋರಿಸಿದ್ದು ನಮ್ಮ ಲೇತಿನ ಬೆಲ್ಟು. ಛಾವಣಿಯ ಕೆಳಗೆ ಓಡುವ ಉದ್ದನೆಯ ಶಾಫ್ಟಿನಿಂದ ಯಂತ್ರಗಳಿಗೆ ಬೆಲ್ಟು ಇಳಿಯುತ್ತಿದ್ದ ಕಾಲ. ನಮ್ಮಲ್ಲಿದ್ದದ್ದು ದಪ್ಪ ಕ್ಯಾನ್ವಾಸಿನ ಪದರಗಳಿಗೆ ರಬ್ಬರ್ ಸೇರಿಸಿ ಒತ್ತಿದ ಬೆಲ್ಟು. ಹರಿದ ತುದಿಯೊಂದನ್ನು ಕತ್ತರಿಸುವಾಗ ಅದರ ಅಂಚು ಬೆರಳಿಗೆ ತಾಗಿತು. ಮೈ ನುಣುಪಾಗಿದ್ದರೂ ಅಂಚು ಒರಟಾಗಿತ್ತು: ನೂಲಿನ ತುದಿಗಳು ಸಾಲಾಗಿ ಎದ್ದು ನಿಂತಿದ್ದವು, ನಡುವೆ ರಬ್ಬರ್ ಅವುಗಳನ್ನು ಬಿಗಿದಿತ್ತು. ರೋಲರಿಗೆ ಬೆಲ್ಟನ್ನು ಸುತ್ತಬಾರದು, ಅದರ ಅಂಚೇ ಹೊರಗೆ ಬರುವಂತೆ ಜೋಡಿಸಬೇಕು ಎಂದು ಆಗ ಹೊಳೆಯಿತು.

ಬೆಲ್ಟಿನಿಂದ ದುಂಡಗಿನ ಬಿಲ್ಲೆಗಳನ್ನು ಕತ್ತರಿಸಿ, ನಡುವೆ ತೂತು ಹೊಡೆದು, ಕಬ್ಬಿಣದ ದಂಡಕ್ಕೆ ಒಂದರ ಪಕ್ಕ ಒಂದು ಪೋಣಿಸಿದೆವು. ಎರಡು ತುದಿಗೂ ಎರಕದ ತಟ್ಟೆ ಕೊಟ್ಟು ನಟ್ಟಿನಿಂದ ಬಿಗಿದು, ಲೇತಿಗೆ ಕೊಟ್ಟು ಮೈ ಸಮ ಮಾಡಿದೆವು. ರಬ್ಬರ್ ಸುಟ್ಟ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡು ಬಂದು ಬೈದು ಹೋದರು. ಕೊನೆಗೆ ಅರಳೆ ಬದಿಗೆ ಸರಿಯುವಂತೆ ಮೈಮೇಲೆ ಓರೆಯಾಗಿ ಗೆರೆ ಕೊರೆದೆ. ಓಡಿಸಿ ನೋಡಿದರೆ ಅರಳೆ ತೆಳ್ಳನೆಯ ಹಾಳೆಯಂತೆ ಇಳಿಯಿತು, ಬೀಜ ಪಟಪಟನೆ ಉದುರಿತು. ಗೌಡರಿಗೆ ಹೇಳಿಕಳಿಸಿದೆ.

ಅವರು ಬಂದು ಅರಳೆಯನ್ನು ನೋಡುವ ಮೊದಲು ರೋಲರಿನ ಬಳಿ ಬಗ್ಗಿ ಮೂಸಿದರು.

“ಈ ಬಿಲ್ಲೆ ಒಂದಕ್ಕೊಂದು ಹೆಂಗೆ ಅಂಟ್ಕೊಂಡಿದೆ ತಂಬಿ?”

“ನಟ್ಟು ಬಿಗಿದಿದೆ. ಜಾರದ ಹಾಗೆ ನಡುವೆ ಸ್ವಲ್ಪ ಅಂಟೂ ಹಚ್ಚಿದೀವಿ.”

“ಏನಂಟು? ವಜ್ಜಿರಮಾ?”

ವಜ್ಜಿರಂ ಎಂದರೆ ಬಡಗಿಗಳು ಕಾಯಿಸಿ ಹಚ್ಚುವ ಸರೇಸು. ಅದನ್ನು ಮಾಡುವುದು ದನದ ತೊಗಲು, ಗೊರಸು ಬೇಯಿಸಿ. ಮರಗೆಲಸದವನ ಡಬ್ಬಿ ಹತ್ತಿರವಿತ್ತು, ಬಳಸಿಬಿಟ್ಟಿದ್ದೆ. ಅದರ ಹುಟ್ಟು ಯೋಚಿಸಿರಲಿಲ್ಲ. ಗೌಡರು ಬೈಯಲಿಲ್ಲ. ರೋಲರಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ತೊಟ್ಟಿಯ ನೀರಿನಲ್ಲಿ ಕೈ ತೊಳೆದುಕೊಂಡು, “ಇನ್ನೊಂದು ಮಾಡು” ಎಂದಷ್ಟೇ ಹೇಳಿದರು. ಬಿಚ್ಚಲು ಹೋದರೆ ಬಿಲ್ಲೆಗಳು ಬಿಡಲೊಲ್ಲವು. ಅಂಟು ಅಷ್ಟು ಚೆನ್ನಾಗಿ ಹಿಡಿದಿತ್ತು. ಎಲ್ಲವನ್ನೂ ಎಸೆದು ಹೊಸ ಬೆಲ್ಟು ಕತ್ತರಿಸಿದೆವು. ಈ ಸಲ ಬಿಲ್ಲೆಗಳ ನಡುವೆ ಸೈಕಲ್ ಟ್ಯೂಬಿಗೆ ತೇಪೆ ಹಾಕುವ ರಬ್ಬರ್ ದ್ರಾವಣ ಸವರಿದೆ. ಮುಂದೆ ನಮ್ಮನ್ನು ಮುಳುಗಿಸಿದ್ದರಲ್ಲಿ ಅದರ ಪಾಲೂ ಇತ್ತು ಎಂದು ಈಗ ಅನಿಸುತ್ತದೆ.

ಹತ್ತಿ ಬರುವ ಹೊತ್ತಿಗೆ ಗೌಡರ ಎಲ್ಲ ಜಿನ್ನುಗಳಿಗೂ ನನ್ನ ರೋಲರುಗಳನ್ನು ಕೂರಿಸಿದ್ದೆವು. ಬೆಳಗಿನ ತಂಪಿನಲ್ಲಿ ಯಂತ್ರಗಳು ಶುರುವಾದವು. ಜಿನ್ನಿನ ಮುಂದೆ ಕೂತು ಹತ್ತಿ ಉಣಿಸುವ ಹೆಂಗಸರು ಮೊದಮೊದಲು ರಬ್ಬರ್ ವಾಸನೆಗೆ ಸೆರಗು ಮುಚ್ಚಿಕೊಂಡರು, ಆಮೇಲೆ ಒಗ್ಗಿಕೊಂಡರು. ಅಲುಗಿನ ಒತ್ತಡಕ್ಕೆ ತೂಗುಹಾಕಿದ ಭಾರವನ್ನು ನಾನು ಪ್ರತಿ ಯಂತ್ರದಲ್ಲೂ ಬೇರೆ ಬೇರೆಯಾಗಿ ಹೊಂದಿಸಿದೆ. ಭಾರ ಕಡಿಮೆಯಾದರೆ ಬೀಜದ ಮೈಮೇಲೆ ಅರಳೆ ಉಳಿದು ನಷ್ಟ, ಹೆಚ್ಚಾದರೆ ಬೀಜ ಒಡೆದು ಅರಳೆಯಲ್ಲಿ ಸಿಪ್ಪೆ. ಕೆಲವು ವಾರ ಎಲ್ಲ ಸುಗಮವಾಗಿ ನಡೆಯಿತು. ಗೌಡರ ಹೆಂಡತಿ ನನಗೆಂದು ಬುತ್ತಿ ಕಳಿಸುತ್ತಿದ್ದರು. ನನ್ನ ಬಗ್ಗೆ ನನಗೇ ಬಹಳ ಪ್ರೀತಿ ಹುಟ್ಟಿದ್ದ ದಿನಗಳು ಅವು. ತುಡಿಯಲೂರಿನಲ್ಲಿ ರೋಲರಿನ ನಕ್ಷೆಯನ್ನು ಚೊಕ್ಕವಾಗಿ ಮತ್ತೊಮ್ಮೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ.

ಬಿಸಿಲು ಏರಿತು. ತಿರುಪ್ಪೂರಿನ ಮಾರ್ಚಿ ತಿಂಗಳ ಮಧ್ಯಾಹ್ನ, ತಗಡಿನ ಛಾವಣಿ, ಕೆಳಗೆ ಯಂತ್ರಗಳ ಕಾವು. ಮಧ್ಯಾಹ್ನದ ಹೊತ್ತು ರೋಲರಿನ ಮೇಲೆ ಕೈಯಿಟ್ಟರೆ ಮೈ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಅರಳೆಯಲ್ಲಿ ಮೊದಲು ನನಗೇನೂ ಕಾಣಲಿಲ್ಲ. ನೂಲಿನ ಮಿಲ್ಲಿನಿಂದ ಅರಳೆ ಆರಿಸಲು ಬರುವ ತಜ್ಞರೊಬ್ಬರಿದ್ದರು. ಅವರು ಒಂದು ಮೂಟೆಯ ಬದಿ ಬಿಚ್ಚಿಸಿ, ಚಿಟಿಕೆ ಅರಳೆ ತೆಗೆದು, ಎರಡು ಹೆಬ್ಬೆರಳ ನಡುವೆ ಎಳೆದೆಳೆದು ಉದ್ದ ನೋಡಿದರು. ಉದ್ದಕ್ಕೆ ತಲೆಯಾಡಿಸಿದರು. ಆಮೇಲೆ ಬಾಗಿಲಿಗೆ ಬಂದು ಬೆಳಕಿಗೆ ಹಿಡಿದರು, ನನ್ನನ್ನೂ ಕರೆದು ತೋರಿಸಿದರು. ಎಳೆಗಳ ನಡುವೆ ಸಾಸಿವೆಯ ಪುಡಿಗಿಂತ ಸಣ್ಣ ಕಪ್ಪು ಚುಕ್ಕೆಗಳು, ನನ್ನ ರೋಲರಿನ ರಬ್ಬರ್. ಊದಿದರೆ ಹೋಗವು, ಉಜ್ಜಿದರೆ ಹರಡುತ್ತವೆ. ನೂಲಾದ ಮೇಲೆ ಬಣ್ಣ ಹಾಕಿದರೆ ಬಟ್ಟೆ ಉದ್ದಕ್ಕೂ ಮಚ್ಚೆ ಬೀಳುತ್ತದೆ, ಇದನ್ನು ನಾವು ಕೊಳ್ಳಲಾರೆವು ಎಂದು ಆತ ತಮಿಳಿನಲ್ಲಿ ಸಮಾಧಾನವಾಗಿಯೇ ಹೇಳಿದರು. ಮೊದಲೇ ಮಿಲ್ಲಿಗೆ ಹೋಗಿದ್ದ ಮೂಟೆಗಳೂ ಆ ವಾರ ಹಿಂದಕ್ಕೆ ಬಂದವು.

ನಾನು ತಿರುಪ್ಪೂರಿನಲ್ಲೇ ಉಳಿದುಕೊಂಡೆ. ಶಾಫ್ಟಿನ ರಾಟೆ ಬದಲಿಸಿ ವೇಗ ಇಳಿಸಿದೆ. ರೋಲರುಗಳ ಮೇಲೆ ಟಾಲ್ಕ್ ಪುಡಿ ಎರಚಿದೆ. ಅದು ಅಂಟನ್ನು ತಡೆಯಿತು, ಜೊತೆಗೆ ಹಿಡಿತವನ್ನೂ ಕಳೆಯಿತು. ಛಾವಣಿಗೆ ಒದ್ದೆ ಗೋಣಿ ಹಾಸಿಸಿ ನೀರು ಹೊಯ್ಯಿಸಿದೆ. ಒಳಗಿನ ಗಾಳಿಯಲ್ಲಿ ಪಸೆ ಏರಿ ಹತ್ತಿ ರೋಲರಿಗೆ ಸುತ್ತಿಕೊಳ್ಳತೊಡಗಿತು. ಕೊನೆಗೆ ಬೆಳಗಿನ ತಂಪಿನಲ್ಲಷ್ಟೇ ಓಡಿಸಿ, ಬಿಸಿಲೇರುತ್ತಲೇ ನಿಲ್ಲಿಸುವುದೆಂದಾಯಿತು. ಆಗ ಚುಕ್ಕೆ ಬರಲಿಲ್ಲ. ಆದರೆ ಒಳಗೆ ಬರುವ ಹತ್ತಿ ನಿಲ್ಲುವುದಿಲ್ಲವಲ್ಲ. ಮಡತ್ತುಕುಳಂ ಕಡೆಯಿಂದ ಗಾಡಿಗಳು ಬರುತ್ತಲೇ ಇದ್ದವು. ಗೋದಾಮು ತುಂಬಿತು, ಅಂಗಳ ತುಂಬಿತು, ಹತ್ತಿಯ ರಾಶಿಗೆ ಚಾಪೆ ಮುಚ್ಚಿ ಕಲ್ಲು ಹೇರಿದರು. ಅರ್ಧ ದಿನದ ಕೆಲಸಕ್ಕೆ ಹೆಂಗಸರು ಪೂರ್ತಿ ದಿನ ಕಾದು ಕೂರುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ನನ್ನನ್ನು ನೋಡಿದಾಗಲೆಲ್ಲ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: ನಾಳೆ ಪೂರ್ತಿ ಓಡತ್ತಾ ಸಾಮಿ? ಮೊದಲೆಲ್ಲ ಓಡತ್ತೆ ಎನ್ನುತ್ತಿದ್ದೆ. ಆಮೇಲೆ ಅವಳು ಕೂರುವ ದಿಕ್ಕಿಗೆ ಹೋಗುವುದನ್ನೇ ಬಿಟ್ಟೆ.

ಒಂದು ಸಂಜೆ ಪಶ್ಚಿಮದ ಬೆಟ್ಟಗಳ ಮೇಲೆ ಮೋಡ ಕಟ್ಟಿತು. ಬೇಸಿಗೆಯ ಮಳೆ ಒಂದು ಬಾರಿ ಸುರಿದರೆ ಅಂಗಳದ ಹತ್ತಿ ಒಳಗೊಳಗೇ ಕಾವು ಏರಿ, ಅರಳೆ ಹಳದಿಯಾಗಿ, ಬೀಜ ಮೊಳೆಯುತ್ತದೆ. ಅದು ಗೌಡರ ಹತ್ತಿಯಲ್ಲ, ಅವರ ಮಾತು ನಂಬಿ ಬಿತ್ತಿದವರ ವರ್ಷದ ಬೆಳೆ. ಆ ಸಂಜೆ ನಾಲ್ಕು ಹನಿ ಬಿದ್ದು ಮೋಡ ಚದುರಿತು. ಮಾರನೆಯ ಬೆಳಗ್ಗೆ ಗೌಡರು ನನ್ನನ್ನು ಹತ್ತಿರಾಶಿಯ ಪಕ್ಕಕ್ಕೆ ಕರೆದರು.

“ತಂಬಿ, ನಿಜ ಹೇಳು. ಈ ಕಾಲದೊಳಗೆ ಸರಿ ಮಾಡಕ್ಕೆ ಆಗತ್ತಾ?”

ಬೇರೆ ಹದದ ರಬ್ಬರ್ ಬೇಕು, ಬಿಸಿಗೆ ಕರಗದಂಥದ್ದು. ಅದನ್ನು ಎಲ್ಲಿ ಕೇಳಬೇಕು, ಯಾರು ಬೇಯಿಸಿಕೊಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಕ್ಯಾನ್ವಾಸು ರಬ್ಬರು ಸೇರಿಸಿದ ರೋಲರುಗಳು ಹೊರದೇಶದಲ್ಲಿ ಚೆನ್ನಾಗಿ ಓಡುತ್ತಿವೆ ಎಂದು ಕೇಳಿದೆ. ನನ್ನ ಆಲೋಚನೆ ತಪ್ಪಿರಲಿಲ್ಲ, ರಬ್ಬರ್ ತಪ್ಪಿತ್ತು. ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ, ಹೊಟ್ಟೆ ಉರಿಯಿತು. ಆವತ್ತು ಹತ್ತಿರಾಶಿಯ ಪಕ್ಕ ಗೌಡರ ಮುಖ ನೋಡುತ್ತ, ಇನ್ನೊಂದು ವಾರ ಕೊಡಿ ಎನ್ನುವ ಮಾತು ಗಂಟಲವರೆಗೂ ಬಂದಿತ್ತು. ಇನ್ನೊಂದು ವಾರ ಎಂದರೆ ಇನ್ನಷ್ಟು ಗಾಡಿ, ಇನ್ನೊಂದು ಮೋಡ.

“ಆಗಲ್ಲ ಗೌಡ್ರೆ” ಅಂದೆ. “ಮುಂದಿನ ವರ್ಷಕ್ಕಾದರೂ ಆಗಬಹುದು. ಈ ವರ್ಷ ಆಗಲ್ಲ.”

ಅವರು ತಲೆಯಾಡಿಸಿದರು. ನನ್ನ ಮೇಲೆ ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಚಾಪೆಯ ಮೇಲಿನ ಕಲ್ಲೊಂದನ್ನು ಸರಿಸಿ, ಒಳಗೆ ಕೈಹಾಕಿ ಹತ್ತಿಯ ಕಾವು ನೋಡಿದರು.

“ಹಗ್ಗ ಹಿಡಿಯಕ್ಕೆ ನಮ್ಮಲ್ಲಿ ಇನ್ನೊಬ್ಬ ಸಿಕ್ತಾನೆ. ಇಷ್ಟು ಜನಕ್ಕೆ ಇನ್ನೊಂದು ಬೆಳೆ ಈ ವರ್ಷ ಸಿಕ್ಕಲ್ಲ. ತೋಲು ತರಿಸು ತಂಬಿ.”

“ಮನೇಲಿ ಅಮ್ಮನ್ನ ಒಂದು ಮಾತು ಕೇಳಿ” ಅಂದೆ.

“ಅವಳಿಗೆ ಗೊತ್ತು. ಮೊನ್ನೇನೇ ಗೊತ್ತು. ಅವಳು ಹೋರಿ ಹತ್ರ ಕೂತ್ಕೊಂಡವ್ಳೆ.”

ಮುಂದಿನ ಕೆಲಸಗಳನ್ನು ಅವರು ಒಂದರ ಹಿಂದೆ ಒಂದು ಮಾಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಡತ್ತುಕುಳಂ ಹಿರಿಯರಿಗೆ ಹೇಳಿಕಳಿಸಿದರು. ಹಗ್ಗವನ್ನು ಬಿಚ್ಚಿ ಕೊಟ್ಟಿಗೆಯ ಗೂಟಕ್ಕೆ ಸುತ್ತಿ, ಇನ್ನು ತಾವು ಮುಟ್ಟುವುದಿಲ್ಲವೆಂದು ಹೆಂಡತಿಯ ಎದುರು ಹೇಳಿದರು. ಅದಾದ ಮೇಲೆಯೇ ತೊಗಲಿನ ಗಾಡಿಯನ್ನು ಕಾರ್ಖಾನೆಯ ಒಳಗೆ ಬಿಟ್ಟರು. ಅದಕ್ಕೂ ಮೊದಲು ನನ್ನ ರೋಲರುಗಳಿಂದ ಕೊನೆಯ ಬೆಳಗಿನ ಓಟ ಮುಗಿದಾಗ, ಜಿನ್ನುಗಳ ಕೆಳಗೆ ಬಿದ್ದ ಬೀಜವನ್ನು ಬೇರೆಯಾಗಿ ಬಳಿಸಿ ಒಂದು ಮೂಟೆ ಮನೆಗೆ ಕಳಿಸಿದ್ದರು. ತೊಗಲು ತಾಗದ ಬೀಜ ಇನ್ನು ಈ ಕಾರ್ಖಾನೆಯಲ್ಲಿ ಸಿಗುವುದಿಲ್ಲ ಎಂಬುದು ಅವರಿಗೆ ಮಾತ್ರ ಹೊಳೆದಿತ್ತು. ಅವರ ಹೆಂಡತಿ ಆ ಮೂಟೆಯನ್ನು ಬಿಚ್ಚಿ, ಮೊರದಲ್ಲಿ ಕೇರಿ, ಒಡಕು ಬೀಜ, ಕಡ್ಡಿ ಎಲ್ಲ ಆರಿಸಿ, ಹೊಸ ಗೋಣಿಗೆ ತುಂಬಿ ಬಾಯಿ ಹೊಲಿದರು.

ತೊಗಲಿನ ಪಟ್ಟಿಗಳನ್ನು ಸುತ್ತಿಸಿ, ಮೊಳೆ ಹೊಡೆಸಿ, ಗೆರೆ ಕೊರೆಯಿಸಿದವನು ನಾನೇ. ಅಲುಗುಗಳನ್ನು ಹೊಂದಿಸಿ ಶಾಫ್ಟು ತಿರುಗಿಸಿದಾಗ ಜಿನ್ನುಗಳು ಒಂದೇ ಶ್ರುತಿಯಲ್ಲಿ ಓಡಿದವು. ಮಧ್ಯಾಹ್ನದ ಬಿಸಿಲಿಗೂ ಜಗ್ಗಲಿಲ್ಲ. ಅಂಗಳದ ರಾಶಿ ದಿನದಿನಕ್ಕೂ ಇಳಿಯಿತು. ಮಿಲ್ಲಿನ ತಜ್ಞರು ಬಂದು ಅರಳೆಯನ್ನು ಬೆಳಕಿಗೆ ಹಿಡಿದು, “ಅರಳೆ ಅಂದರೆ ಇದು” ಎಂದರು. ಹೆಂಗಸರಿಗೆ ಪೂರ್ತಿ ದಿನದ ಕೆಲಸವಾಯಿತು. ಇಷ್ಟು ಚೆನ್ನಾಗಿ ನಡೆದ ಕೆಲಸವನ್ನು ನಾನು ಅಷ್ಟು ದುಃಖದಿಂದ ಇನ್ನೆಂದೂ ಮಾಡಿಲ್ಲ. ನನ್ನ ರೋಲರುಗಳನ್ನು ಗೋಡೆಯ ಮಗ್ಗುಲಲ್ಲಿ ರಾಶಿ ಹಾಕಿದ್ದರು, ಬಿಸಿಲಿಗೆ ಅವು ಒಂದಕ್ಕೊಂದು ಅಂಟಿಕೊಂಡಿದ್ದವು.

ಹಗ್ಗ ಒಪ್ಪಿಸುವ ದಿನಕ್ಕೆ ಗೌಡರು ನನ್ನನ್ನೂ ಕರೆದರು. ಹೋರಿಯನ್ನು ಅವರ ಅಣ್ಣನ ಅಳಿಯ ನಡೆಸಿಕೊಂಡು ಹೋದ. ಗೌಡರು ಬೀಜದ ಮೂಟೆ ಹೇರಿದ ಗಾಡಿಯ ಜೊತೆ ಹಿಂದೆ ನಡೆದರು. ನಾನು ಬಸ್ಸಿನಲ್ಲಿ ಹೋಗಿ ಮಡತ್ತುಕುಳಂನಲ್ಲಿ ಸೇರಿಕೊಂಡೆ. ಗೌಡರ ಹೆಂಡತಿ ಬರಲಿಲ್ಲ.

ಊರಾಚೆ ಬೇವಿನ ತೋಪಿನಲ್ಲಿ ಹಿರಿಯರು ಸೇರಿದ್ದರು. ಯಾರೂ ಗೌಡರಿಗೆ ಒಂದು ಒರಟು ಮಾತಾಡಲಿಲ್ಲ. ಬಹುಮಂದಿಯ ಹತ್ತಿ ಆ ಹೊತ್ತಿಗೆ ಅರಳೆಯಾಗಿ ಮಿಲ್ಲು ಸೇರಿತ್ತು. ಮಾತಾಡುವ ಮುಖ ಯಾರಿಗಿತ್ತು? ಹೊಸದಾಗಿ ಹಗ್ಗ ಹಿಡಿಯುವವನು ಗೌಡರ ದಾಯಾದಿಯ ಮಗ, ಸಂಕೋಚದ, ಹುಡುಗಾಟವಿಲ್ಲದ ಯುವಕ. ಗೌಡರು ಹಗ್ಗ ಮುಟ್ಟುವಂತಿರಲಿಲ್ಲವಾದ್ದರಿಂದ ಅಳಿಯ ಅದನ್ನು ನೆಲದ ಮೇಲಿಟ್ಟ, ಯುವಕ ನೆಲದಿಂದ ಎತ್ತಿಕೊಂಡ. ಅಷ್ಟಕ್ಕೇ ಎಲ್ಲ ಮುಗಿಯಿತು. ಹೋರಿ ಬೇವಿನ ನೆರಳಿನಲ್ಲಿ ಬಾಲ ಆಡಿಸುತ್ತ ನಿಂತಿತ್ತು.

ಗೌಡರು ಗಾಡಿಯಿಂದ ಮೂಟೆ ಇಳಿಸಿದರು. “ಅವಳು ಕಳಿಸಿದ್ದು” ಎಂದರು. “ಹೊಸ ಜಾಗ, ಒಂದೆರಡು ದಿನ ಹಳೇ ರುಚಿ ಇರಲಿ. ಇದು ತೋಲು ತಾಗೋಕೆ ಮುಂಚಿನದು.”

ಯುವಕ ಮೂಟೆಯನ್ನು ನೋಡಿದ, ಹಿರಿಯರನ್ನು ನೋಡಿದ. “ಬ್ಯಾಡ ದೊಡ್ಡಪ್ಪ” ಎಂದ. “ತಪ್ಪಾಗಿ ತಿಳ್ಕೋಬ್ಯಾಡಿ.”

ನನಗೆ ತಡೆಯಲಾಗಲಿಲ್ಲ. “ಇದಕ್ಕೆ ತೊಗಲು ಸೋಕಿಲ್ಲ. ಆ ರೋಲರ್ ಮಾಡಿದವನು ನಾನು. ಅದರಲ್ಲಿ ಕ್ಯಾನ್ವಾಸು, ರಬ್ಬರ್ ಬಿಟ್ಟು ಬೇರೇನೂ ಇಲ್ಲ. ಬೇಕಾದರೆ ಆಣೆ ಮಾಡ್ತೀನಿ” ಅಂದೆ. ನನ್ನ ದನಿ ಏರಿತ್ತು. ಆ ರೋಲರಿನಿಂದ ಜಗತ್ತಿನಲ್ಲಿ ಉಳಿದದ್ದು ಆ ಒಂದು ಮೂಟೆ.

“ನೀವು ಹೇಳೋದು ನಿಜಾನೇ ಇರ್ಬೋದು ಸಾರ್” ಎಂದ ಯುವಕ. “ಆದ್ರೆ ಈಗ ಆ ಮನೆಯವ್ರ ಜಿನ್ನೊಳಗೆ ತೋಲು ಐತಲ್ಲ. ಅಲ್ಲಿಂದ ಬಂದಿದ್ದು ನಾನು ಇದಕ್ಕೆ ಹೆಂಗೆ ಹಾಕಲಿ?”

ಗೌಡರು ನನ್ನ ತೋಳು ಹಿಡಿದರು. “ಬಿಡು ತಂಬಿ. ಅವನ ಜಾಗದಲ್ಲಿ ನಾನಿದ್ರೂ ಬ್ಯಾಡ ಅಂತಿದ್ದೆ.”

ಮೂಟೆಯನ್ನು ನಾನೇ ಎತ್ತಿ ಗಾಡಿಗೆ ಹಾಕಿದೆ. ಹಿಂದಿರುಗುವಾಗ ನಾನೂ ಗೌಡರ ಜೊತೆ ಗಾಡಿ ಹತ್ತಿದೆ. ಅಮರಾವತಿಯ ಕಾಲುವೆ ಸಿಕ್ಕಾಗ ಗಾಡಿ ನಿಲ್ಲಿಸಿದರು. ಮೂಟೆಯ ಹೊಲಿಗೆ ಬಿಚ್ಚಿ, ಒಂದಷ್ಟು ಬೀಜವನ್ನು ಬಕೆಟ್ಟಿನಲ್ಲಿ ನೆನೆಸಿ, ಮೆತ್ತಗಾಗುವವರೆಗೆ ದಂಡೆಯಲ್ಲಿ ಕೂತಿದ್ದು, ಗಾಡಿಯ ಎತ್ತುಗಳ ಮುಂದಿಟ್ಟರು. ಉಳಿದದ್ದನ್ನು ಗಾಡಿಯವನಿಗೆ ಕೊಟ್ಟು, ಖಾಲಿ ಗೋಣಿಯನ್ನು ಮಡಿಸಿಕೊಂಡರು.

“ಅವಳು ನನ್ನ ಕೇಳಲ್ಲ, ನಿನ್ನ ಕೇಳ್ತಾಳೆ” ಎಂದರು. “ಹೋರಿ ತಿಂತು ಅಂತ ಹೇಳು.”

ಮನೆ ಮುಟ್ಟಿದಾಗ ಆಕೆ ಬಾಗಿಲಲ್ಲೇ ಇದ್ದರು. ನನ್ನನ್ನೇ ಕೇಳಿದರು. ತಿಂತು ಅಂದೆ. ಖಾಲಿ ಗೋಣಿಯನ್ನು ಕೈಗೆ ತೆಗೆದುಕೊಂಡು ಆಕೆ, “ಎಲ್ಲಾನೂ ತಿಂತಾ?” ಎಂದರು.

“ಎಲ್ಲಾನೂ ತಿಂತು” ಎಂದೆ.